ಅನಿಯತ ಕ್ರಿಯಾಪದಗಳ ಪೂರ್ವೋತ್ತರ

ಇಂಗ್ಲಿಷ್ ಭಾಷೆಯನ್ನಾಡುವವರ ಮಾತಿನಲ್ಲಿಯೂ ಬರಹದಲ್ಲಿಯೂ ಅತ್ಯಧಿಕವಾಗಿ ಬಳಕೆಯಾಗುವ ಕ್ರಿಯಾಪದಗಳು ಯಾವುವೆಂದು ಎಣಿಸಿ ನೋಡಿದ ವಿದ್ವಾಂಸರಿಗೆ ಮೊದಲ ಹತ್ತು ಸ್ಥಾನಗಳಲ್ಲಿ ದೊರೆತವು ಇವು: ಬೀ, ಹ್ಯಾವ್, ಡೂ, ಸೇ, ಮೇಕ್, ಗೋ, ಟೇಕ್, ಕಮ್, ಸೀ, ಗೆಟ್. ಇರುವುದು, ಉಳ್ಳವನಾಗುವುದು, ಮಾಡುವುದು, ಹೇಳುವುದು, ಹೋಗುವುದು, ಬರುವುದು, ತೆಗೆದುಕೊಳ್ಳುವುದು, ನೋಡುವುದು, ಪಡೆಯುವುದು ಎಂಬ ಈ ಅರ್ಥಗಳನ್ನು ಬಿಟ್ಟರೆ ಮನುಷ್ಯನ ದಿನಚರಿಯಲ್ಲಿ ಉಳಿಯುವುದು ಅತ್ಯಲ್ಪ. ಆಶ್ಚರ್ಯವೆಂದರೆ ಈ ಹತ್ತರಲ್ಲಿ ಒಂದೇ ಒಂದಾದರೂ ಆ ಭಾಷೆಯ ಸಾಮಾನ್ಯ ನಿಯಮಕ್ಕೆ ಒಳಪಟ್ಟುದಲ್ಲ. ಹತ್ತೂ ಅನಿಯತ ಕ್ರಿಯಾಪದಗಳೇ ಆಗಿವೆ. ಸಾವಿರಾರು ಧಾತುಗಳು ವಿಧೇಯವಾಗಿ ಒಂದು ನಿಯಮವನ್ನು ಪಾಲಿಸುತ್ತಿರುವಾಗ, ನಿತ್ಯವೂ ಬೇಕಾಗುವ ಈ ಕೆಲವು ಮಾತ್ರ ತಮ್ಮ ತಮ್ಮ ದಾರಿಯನ್ನೇ ಹಿಡಿದಿರುವುದಕ್ಕೆ ಕಾರಣವೇನೆಂಬ ಪ್ರಶ್ನೆ ಬರಿಯ ವ್ಯಾಕರಣದ ಪ್ರಶ್ನೆಯಲ್ಲ. ಅದು ಸುದೀರ್ಘವಾದ ಒಂದು ಇತಿಹಾಸದ ಪ್ರಶ್ನೆ, ಮತ್ತು ಆ ಇತಿಹಾಸದ ಒಂದು ಕೊನೆ ನಮ್ಮ ಪಾಣಿನಿಯ ಅಂಗಳವನ್ನು ಬಂದು ಮುಟ್ಟುತ್ತದೆ.

ಮೊದಲು ಸಾಮಾನ್ಯ ನಿಯಮವನ್ನು ಹೇಳಿಬಿಡಬಹುದು, ಏಕೆಂದರೆ ಅದು ಅತಿ ಸುಲಭವಾದುದು. ಇಂಗ್ಲಿಷಿನಲ್ಲಿ ಭೂತಕಾಲವನ್ನು ಸೂಚಿಸಬೇಕಾದರೆ ಧಾತುವಿನ ಕೊನೆಗೆ ‘ಇ’, ‘ಡಿ’ ಎಂಬ ಎರಡು ಅಕ್ಷರಗಳ ಪ್ರತ್ಯಯವನ್ನು ಹಚ್ಚಿದರೆ ತೀರಿತು. ಭೂತಕೃದಂತಕ್ಕೂ ಅದೇ ರೂಪ ಸಾಕು. ಬರವಣಿಗೆಯಲ್ಲಿ ಪ್ರತ್ಯಯ ಒಂದೇ ಆದರೂ ಉಚ್ಚಾರಣೆಯಲ್ಲಿ ಅದು ಮೂರು ಬಗೆಯಾಗುವುದನ್ನು ಮಾತ್ರ ಗಮನಿಸಬೇಕು: ಕರ್ಕಶ ವ್ಯಂಜನದ ಮುಂದೆ ಬಂದರೆ ಟಕಾರ, ಆದುದರಿಂದ ‘ವಾಕ್’ ಎಂಬುದು ‘ವಾಕ್ಟ್’, ಮೃದು ವ್ಯಂಜನದ ಅಥವಾ ಸ್ವರದ ಮುಂದೆ ಡಕಾರ, ಆದುದರಿಂದ ‘ಕಾಲ್’ ಎಂಬುದು ‘ಕಾಲ್ಡ್’, ಧಾತುವೇ ಟಕಾರ ಡಕಾರಗಳಲ್ಲಿ ಮುಗಿದಿದ್ದರೆ ನಡುವೆ ಒಂದು ಸ್ವರ ಸೇರಿ ‘ವಾಂಟ್’ ಎಂಬುದು ‘ವಾಂಟಿಡ್’. ಸಂಧಿಕಾರ್ಯವನ್ನು ಬಲ್ಲ ನಮಗೆ ಇದರಲ್ಲಿ ಹೊಸತೇನೂ ಇಲ್ಲ. ಆದರೂ ನಮ್ಮ ವಿದ್ಯಾರ್ಥಿಗಳು ಬರವಣಿಗೆಯನ್ನೇ ನಂಬಿ ‘ವಾಕೆಡ್’ ಎಂದು ಉಚ್ಚರಿಸುವುದುಂಟು. ಅದು ಇಂದು ತಪ್ಪಾಗಿದ್ದರೂ ಒಂದು ಕಾಲದಲ್ಲಿ ಇಂಗ್ಲಿಷರೇ ಆ ಸ್ವರವನ್ನು ಉಚ್ಚರಿಸುತ್ತಿದ್ದರು. ಅದು ಲೋಪವಾಗುತ್ತಿರುವುದನ್ನು ಕಂಡು, ವ್ಯಂಜನಗಳು ಒಂದರ ಮೇಲೊಂದು ಬಿದ್ದು ಭಾಷೆ ಕರ್ಣಕಠೋರವಾಗುತ್ತಿದೆಯೆಂದು ಜೊನಾಥನ್ ಸ್ವಿಫ್ಟ್ 1712ರಲ್ಲಿ ಪ್ರಕಟಿಸಿದ ಭಾಷಾಸುಧಾರಣೆಯ ಸಲಹಾಪತ್ರದಲ್ಲಿ ಬಹಳವಾಗಿ ಮರುಗಿದ್ದಾನೆ.

ಈ ನಿಯಮಕ್ಕೆ ಹೊರತಾದವು ಇಂದಿನ ಇಂಗ್ಲಿಷಿನಲ್ಲಿ ಹೆಚ್ಚುಕಡಮೆ ಇನ್ನೂರು. ‘ಸಿಂಗ್’ ಎಂಬುದು ‘ಸಿಂಗ್ಡ್’ ಆಗದೆ ‘ಸ್ಯಾಂಗ್’, ‘ಸಂಗ್’ ಎಂದಾಗುತ್ತದೆ. ‘ರೈಟ್’ ಎಂಬುದು ‘ರೋಟ್’, ‘ರಿಟನ್’ ಎಂದಾಗುತ್ತದೆ. ‘ಬ್ರಿಂಗ್’ ಎಂಬುದು ‘ಬ್ರಾಟ್’ ಆಗುತ್ತದೆ. ‘ಕಟ್’ ಎಂಬುದು ಏನೂ ಆಗದೆ ‘ಕಟ್’ ಆಗಿಯೇ ಉಳಿಯುತ್ತದೆ. ಇವನ್ನು ಕಂಡು ಇಂಗ್ಲಿಷ್ ಅರಾಜಕವಾದ ಭಾಷೆ, ಅದಕ್ಕೆ ವ್ಯಾಕರಣವೇ ಇಲ್ಲ ಎಂದು ಬೇಸರಪಡುವವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಈ ಅಪವಾದ ಅನ್ಯಾಯವಾದುದೆಂದು ನನ್ನ ದೃಢವಾದ ನಂಬಿಕೆ. ಅನಿಯತವೆಂದು ನಾವು ಕರೆಯುವ ರೂಪಗಳಲ್ಲಿ ಬಹುಭಾಗ ನಿಯಮವಿಲ್ಲದೆ ಹುಟ್ಟಿದುವಲ್ಲ. ಇಂದಿನದಕ್ಕಿಂತ ಹಳೆಯದಾದ, ಒಂದು ಕಾಲಕ್ಕೆ ಇಂದಿನದರಷ್ಟೇ ಕಟ್ಟುನಿಟ್ಟಾಗಿದ್ದ ಬೇರೊಂದು ನಿಯಮದಿಂದ ಹುಟ್ಟಿ, ಆ ನಿಯಮ ಅಳಿದ ಮೇಲೂ ಬದುಕಿಕೊಂಡವು.

ಆ ಹಳೆಯ ನಿಯಮವನ್ನು ವಿಶದವಾಗಿ ನಿರೂಪಿಸಿದವನು ಜರ್ಮನಿಯ ಯಾಕೋಬ್ ಗ್ರಿಮ್. ತಮ್ಮನೊಡನೆ ಕೂಡಿ ಜನಪದ ಕಥೆಗಳನ್ನು ಸಂಗ್ರಹಿಸಿ ಲೋಕವಿಖ್ಯಾತನಾದ ಆತನೇ ಈತ. 1819ರಿಂದ ಪ್ರಕಟವಾಗತೊಡಗಿದ ತನ್ನ ಜರ್ಮನ್ ವ್ಯಾಕರಣದಲ್ಲಿ ಅವನು ಜರ್ಮಾನಿಕ್ ಭಾಷೆಗಳ ಕ್ರಿಯಾಧಾತುಗಳನ್ನು ಸಬಲ, ದುರ್ಬಲ ಎಂದು ಎರಡು ಬಗೆಯಾಗಿ ವಿಭಾಗಿಸಿದನು. ಹೊರಗಿನ ಪ್ರತ್ಯಯದ ನೆರವಿಲ್ಲದೆ ತನ್ನ ಒಡಲಿನೊಳಗಣ ಸ್ವರವನ್ನೇ ಮಾರ್ಪಡಿಸಿಕೊಂಡು ಭೂತಕಾಲವನ್ನು ಸೂಚಿಸಬಲ್ಲ ಧಾತು ಸಬಲ. ಹಾಗೆ ಮಾಡಲಾರದೆ ಕೊನೆಯಲ್ಲಿ ದಕಾರದ ಪ್ರತ್ಯಯವನ್ನು ಆಶ್ರಯಿಸುವುದು ದುರ್ಬಲ. ಸಾವಿರ ವರ್ಷಗಳ ಹಿಂದಣ ಪ್ರಾಚೀನ ಇಂಗ್ಲಿಷಿನಲ್ಲಿ ಸಬಲ ಧಾತುಗಳು ಏಳು ಗಣಗಳಾಗಿ ವ್ಯವಸ್ಥಿತವಾಗಿದ್ದುವು; ಧಾತು ಯಾವ ಗಣಕ್ಕೆ ಸೇರಿದುದೆಂದು ತಿಳಿದರೆ ಅದರ ಸ್ವರ ಯಾವ ಯಾವ ರೂಪದಲ್ಲಿ ಏನಾಗುವುದೆಂದು ಹೇಳಬಹುದಾಗಿತ್ತು. ಇಂದು ನಾವು ಬೇರೆ ಬೇರೆಯಾಗಿ ಉರು ಹಾಕುವ ರೈಡ್–ರೋಡ್, ರೈಟ್–ರೋಟ್, ಡ್ರೈವ್–ಡ್ರೋವ್, ರೈಜ್–ರೋಜ್ ಎಂಬುವೆಲ್ಲ ಮೊದಲನೆಯ ಗಣದ ಒಡಹುಟ್ಟುಗಳು. ಸಿಂಗ್, ಡ್ರಿಂಕ್, ಸ್ವಿಮ್, ಬಿಗಿನ್ ಎಂಬುವು ಮೂರನೆಯ ಗಣದವು.

ಈ ಸ್ವರವ್ಯತ್ಯಯ ಎಲ್ಲಿಂದ ಬಂತೆಂದು ಕೇಳಿದರೆ ಉತ್ತರ ಇಂಗ್ಲೆಂಡಿನಲ್ಲಿಯಾಗಲಿ ಜರ್ಮನಿಯಲ್ಲಿಯಾಗಲಿ ಮುಗಿಯುವುದಿಲ್ಲ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ 1786ರಲ್ಲಿ ಮಾಡಿದ ಪ್ರಸಿದ್ಧ ಭಾಷಣದಲ್ಲಿ ಸರ್ ವಿಲಿಯಂ ಜೋನ್ಸ್, ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್‌ಗಳಿಗೂ ಕ್ರಿಯಾಧಾತುಗಳಲ್ಲಿಯೂ ವ್ಯಾಕರಣ ರೂಪಗಳಲ್ಲಿಯೂ ಕಾಣುವ ಸಾದೃಶ್ಯ ಆಕಸ್ಮಿಕವಾಗಿರಲಾರದೆಂದೂ, ಜರ್ಮಾನಿಕ್ ಭಾಷೆಗಳಿಗೂ ಅದೇ ಮೂಲವಿರಬಹುದೆಂದೂ ಸೂಚಿಸಿದ್ದನು. ಆ ಸಾದೃಶ್ಯವನ್ನು ಹತ್ತಿರದಿಂದ ನೋಡಲು ಒಂದೇ ಧಾತುವನ್ನು ತೆಗೆದುಕೊಳ್ಳೋಣ. ಸಂಸ್ಕೃತದಲ್ಲಿ ಸೀಳು, ಒಡೆ ಎಂಬ ಅರ್ಥದ ‘ಭಿದ್’ ಧಾತು ಉಂಟಷ್ಟೆ. ಇಂಗ್ಲಿಷಿನಲ್ಲಿ ಕಚ್ಚು ಎಂಬ ಅರ್ಥದ ‘ಬೈಟ್’ ಅದಕ್ಕೆ ಸಗೋತ್ರವಾದುದು. ಭೂತಕಾಲವನ್ನು ಸೂಚಿಸುವ ಲಿಟ್ ಲಕಾರದ ಪ್ರಥಮಪುರುಷ ಏಕವಚನದಲ್ಲಿ ‘ಭಿದ್’ ಧಾತುವಿನ ಇಕಾರಕ್ಕೆ ಗುಣ ಬಂದು, ಎಂದರೆ ಅದು ಏಕಾರವಾಗಿ, ‘ಬಿಭೇದ’ ಎಂದಾಗುತ್ತದೆ. ಬಹುವಚನದಲ್ಲಿ ಗುಣವಿಲ್ಲದೆ ‘ಬಿಭಿದುಃ’ ಎಂದೇ ಉಳಿಯುತ್ತದೆ. ಪ್ರಾಚೀನ ಇಂಗ್ಲಿಷಿನಲ್ಲಿ ಇದೇ ಧಾತುವಿನ ಭೂತಕಾಲ ಏಕವಚನದಲ್ಲಿ ‘ಬಾಟ್’, ಬಹುವಚನದಲ್ಲಿ ‘ಬಿಟನ್’. ಸಂಸ್ಕೃತದ ಏಕಾರ ಮೂಲದಲ್ಲಿ ಅಕಾರ ಇಕಾರಗಳು ಕೂಡಿದ ಸಂಧ್ಯಕ್ಷರ. ಆ ಸಂಧ್ಯಕ್ಷರವೇ ಪ್ರಾಚೀನ ಇಂಗ್ಲಿಷಿನಲ್ಲಿ ದೀರ್ಘ ಆಕಾರವಾಯಿತು. ಧಾತುವಿನ ಮೊದಲ ಅಕ್ಷರ ಇಮ್ಮಡಿಯಾಗುವ ಅಭ್ಯಾಸಕಾರ್ಯ ಅಲ್ಲಿ ಉದುರಿಹೋಗಿದೆಯೆಂಬುದನ್ನು ಬಿಟ್ಟರೆ, ಏಕವಚನದಲ್ಲಿ ಗುಣ, ಬಹುವಚನದಲ್ಲಿ ಹ್ರಸ್ವ ಎಂಬ ವ್ಯವಸ್ಥೆ ಎರಡು ಕಡೆಯೂ ಒಂದೇ. ಅಷ್ಟಾಧ್ಯಾಯಿಯ ಮೊದಲೆರಡು ಸೂತ್ರಗಳೇ ವೃದ್ಧಿ ಗುಣಗಳ ಲಕ್ಷಣವನ್ನು ಹೇಳತಕ್ಕವು; ಪಾಣಿನಿ ತನ್ನ ಶಾಸ್ತ್ರದ ಹೊಸ್ತಿಲಲ್ಲಿ ಯಾವ ತತ್ತ್ವವನ್ನಿರಿಸಿದನೋ ಅದರ ಸಹೋದರ ತತ್ತ್ವವೇ ನಮ್ಮ ಮಕ್ಕಳು ಇಂಗ್ಲಿಷ್ ತರಗತಿಯಲ್ಲಿ ‘ಬೈಟ್–ಬಿಟ್’ ಎಂದೂ ‘ಬೈಂಡ್–ಬೌಂಡ್’ ಎಂದೂ ಒಪ್ಪಿಸುವಾಗ ಅವರ ಬಾಯಲ್ಲಿ ಹೊರಡುತ್ತಿದೆ. ಈ ಎರಡನೆಯದು ‘ಬಂಧ್’ ಧಾತುವಿಗೆ ಸಗೋತ್ರವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏಕವಚನಕ್ಕೊಂದು ಬಹುವಚನಕ್ಕೊಂದು ಸ್ವರವಿರುವ ಈ ಪದ್ಧತಿ ಮುಂದಿನ ಶತಮಾನಗಳಲ್ಲಿ ಕದಡಿಹೋಯಿತು. ಎರಡರಲ್ಲಿ ಒಂದನ್ನು ಉಳಿಸಿಕೊಂಡು ಮತ್ತೊಂದನ್ನು ಬಿಡುವಾಗ ಒಂದೊಂದು ಧಾತು ಒಂದೊಂದು ಬಗೆಯಾಗಿ ನಡೆದುಕೊಂಡಿತು: ‘ರೋಡ್’ ಎಂಬುದು ಏಕವಚನದ ಸ್ವರವನ್ನು ಹಿಡಿದರೆ ‘ಬಿಟ್’ ಎಂಬುದು ಬಹುವಚನದ ಸ್ವರವನ್ನು ಹಿಡಿಯಿತು. ಎರಡನ್ನೂ ಬಿಡದೆ ಇಂದಿನವರೆಗೂ ಕಾಪಾಡಿಕೊಂಡು ಬಂದಿರುವ ಕ್ರಿಯಾಪದ ಇಡೀ ಇಂಗ್ಲಿಷಿನಲ್ಲಿ ಒಂದೇ ಒಂದು. ಅದೇ ‘ವಾಜ಼್’, ‘ವರ್’. ಇಲ್ಲಿ ಸ್ವರ ಮಾತ್ರವಲ್ಲದೆ ವ್ಯಂಜನವೂ ವ್ಯತ್ಯಾಸಗೊಂಡು ಸಕಾರದ ಸ್ಥಾನದಲ್ಲಿ ರೇಫ ಬಂದಿರುವುದು ಬಹುಕಾಲ ವಿದ್ವಾಂಸರಿಗೆ ಒಗಟಾಗಿತ್ತು. ಡೆನ್ಮಾರ್ಕಿನ ಕಾರ್ಲ್ ವೆರ್ನರ್ 1877ರಲ್ಲಿ ಅಚ್ಚಾದ ಲೇಖನದಲ್ಲಿ ಅದನ್ನು ಬಿಡಿಸಿದನು. ಅವನಿಗೆ ಕೀಲಿಕೈಯಾಗಿ ಒದಗಿದುದು ವೇದದ ಉದಾತ್ತಸ್ವರ. ವೈದಿಕ ಭಾಷೆಯಲ್ಲಿ ಲಿಟ್ಟಿನ ಏಕವಚನದಲ್ಲಿ ಉದಾತ್ತ ಧಾತುವಿನ ಮೇಲೆಯೂ, ಬಹುವಚನದಲ್ಲಿ ಪ್ರತ್ಯಯದ ಮೇಲೆಯೂ ನಿಲ್ಲುತ್ತದೆ. ಜರ್ಮಾನಿಕ್ ಭಾಷೆಗಳ ಪೂರ್ವಾವಸ್ಥೆಯಲ್ಲಿಯೂ ಉದಾತ್ತ ಹೀಗೆಯೇ ಸ್ಥಳಾಂತರಗೊಳ್ಳುತ್ತಿತ್ತೆಂದೂ, ಉದಾತ್ತದ ಆಸರೆ ಹಿಂದೆ ಇಲ್ಲದ ಕಡೆ ಸಕಾರ ಮೃದುವಾಗಿ ಕಾಲಕ್ರಮದಲ್ಲಿ ರೇಫವಾಯಿತೆಂದೂ ಅವನು ಸಾಧಿಸಿದನು. ನಮ್ಮ ವೈದಿಕರು ಬರಿಯ ಕಂಠಪಾಠದಿಂದ ಸಹಸ್ರಾರು ವರ್ಷ ಕಾಪಾಡಿಕೊಂಡು ಬಂದ ಸ್ವರಭಾರ ಇಂಗ್ಲಿಷಿನ ಎರಡು ಪುಟ್ಟ ಶಬ್ದಗಳ ಒಗಟನ್ನು ಬಿಡಿಸಿತೆಂಬ ಸಂಗತಿ ನನಗೆ ಎಷ್ಟು ಬಾರಿ ನೆನೆದರೂ ರೋಮಾಂಚಕಾರಿಯಾಗಿ ತೋರುತ್ತದೆ.

ಇರುವುದೆಂಬ ಅರ್ಥದ ಆ ಕ್ರಿಯಾಪದವನ್ನು ಕುರಿತು ಇನ್ನೂ ಒಂದು ಮಾತುಂಟು. ‘ಆಮ್’, ‘ಈಜ಼್’ ಎಂಬುವು ನಮ್ಮ ‘ಅಸ್ಮಿ’, ‘ಅಸ್ತಿ’ಗಳ ಬಂಧುಗಳು, ‘ಬೀ’ ಎಂಬುದು ‘ಭೂ’ ಧಾತುವಿನ ಬಂಧು, ‘ವಾಜ಼್’, ‘ವರ್’ ಎಂಬುವು ನೆಲಸು ಎಂಬ ಅರ್ಥದ ‘ವಸ್’ ಧಾತುವಿನ ಬಂಧುಗಳು. ಮೂರು ಸ್ವತಂತ್ರ ಧಾತುಗಳು ಕೂಡಿ ಒಂದು ಕ್ರಿಯಾಪದವಾಗಿರುವುದನ್ನು ಅವ್ಯವಸ್ಥೆಯೆಂದು ಹಳಿಯುವ ಮುನ್ನ, ಸಂಸ್ಕೃತದಲ್ಲಿಯೂ ‘ಅಸ್’ ಧಾತುವಿಗೆ ಕೆಲವು ಪ್ರತ್ಯಯಗಳು ಪರವಾದಾಗ ‘ಭೂ’ ಆದೇಶವಾಗುವುದೆಂದು ಪಾಣಿನಿಯೇ ವಿಧಿಸಿರುವುದನ್ನು ಜ್ಞಾಪಿಸಿಕೊಳ್ಳಬೇಕು. ‘ಗೋ’ ಎಂಬುದರ ಭೂತಕಾಲವಾದ ‘ವೆಂಟ್’ ಕೂಡ ಇಂಥದೇ ಒಂದು ಆದೇಶ. ಅದು ಸಾಗು, ತಿರುಗು ಎಂಬ ಅರ್ಥದ ‘ವೆಂಡ್’ ಧಾತುವಿನ ಭೂತಕಾಲ. ‘ಸೆಂಡ್–ಸೆಂಟ್’, ‘ಲೆಂಡ್–ಲೆಂಟ್’ ಎಂಬುವಂತೆ ‘ವೆಂಡ್–ವೆಂಟ್’ ಎಂದು ಕ್ರಮವಾಗಿಯೇ ಸಾಧಿಸಿದ ರೂಪ. ‘ಗೋ’ ಧಾತುವಿಗೆ ಹಿಂದೆ ಇದ್ದ ಬೇರೊಂದು ಭೂತಕಾಲ ಮರೆಯಾಗಿ, ಆ ತೆರವಾದ ಸ್ಥಾನಕ್ಕೆ ‘ವೆಂಟ್’ ಬಂದು ಕುಳಿತಿತು. ತನ್ನ ರೂಪವನ್ನು ಕಳೆದುಕೊಂಡ ‘ವೆಂಡ್’ ತನಗಾಗಿ ‘ವೆಂಡೆಡ್’ ಎಂಬ ಹೊಸ ರೂಪವನ್ನು ಕಲ್ಪಿಸಿಕೊಂಡಿತು.

ದುರ್ಬಲ ಧಾತುಗಳ ದಕಾರಪ್ರತ್ಯಯ ಜರ್ಮಾನಿಕ್ ಭಾಷೆಗಳು ತಾವಾಗಿ ನಿರ್ಮಿಸಿಕೊಂಡದ್ದು. ನಾಲ್ಕನೆಯ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಬೈಬಲನ್ನು ಅನುವಾದಿಸಿದ ಗಾಥಿಕ್ ಭಾಷೆಯ ಬಹುವಚನದಲ್ಲಿ ಈ ಪ್ರತ್ಯಯ ‘ದೇದುಮ್’ ಎಂದು ಉದ್ದವಾಗಿ ಕಾಣುವುದರಿಂದ, ಅದು ಮಾಡು ಎಂಬ ಅರ್ಥದ ‘ಡೂ’ ಧಾತುವಿನ ಭೂತಕಾಲವೇ ಸವೆದು ಪ್ರತ್ಯಯವಾದುದೆಂದು ಬಹುಮಂದಿ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಇದರ ಉಪಯುಕ್ತತೆ ಅಪಾರವಾಗಿತ್ತು: ಹೊಸದಾಗಿ ಹುಟ್ಟಿದ ಅಥವಾ ಹೊರಗಿನಿಂದ ಬಂದ ಯಾವ ಧಾತುವಿಗಾದರೂ ಇದನ್ನು ಹಚ್ಚಬಹುದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನಿಂದ ಪ್ರವಾಹವಾಗಿ ಬಂದ ಧಾತುಗಳು ಬಹುಮಟ್ಟಿಗೆ ಈ ಪ್ರತ್ಯಯವನ್ನೇ ಧರಿಸಿದುವು, ಮತ್ತು ಹೀಗೆ ಪ್ರಬಲವಾದ ನಿಯಮ ಹಳೆಯ ಸಬಲ ಧಾತುಗಳನ್ನೂ ಒಂದೊಂದಾಗಿ ತನ್ನ ಕಡೆಗೆ ಸೆಳೆಯತೊಡಗಿತು. ದುರ್ಬಲ ಧಾತುಗಳಲ್ಲಿಯೂ ಕೆಲವು ಅನಿಯತವಾದುದು ಉಚ್ಚಾರಣೆಯ ಮಾರ್ಪಾಟುಗಳಿಂದ. ‘ಕೀಪ್’ ಎಂಬುದರಲ್ಲಿ ಪ್ರತ್ಯಯ ಸೇರಿ ಎರಡು ವ್ಯಂಜನಗಳು ಕೂಡಿದಾಗ ಹಿಂದಿನ ದೀರ್ಘಸ್ವರ ಹ್ರಸ್ವವಾಗಿ ‘ಕೆಪ್ಟ್’ ಆಯಿತು. ಮುಂದೆ ದೀರ್ಘಸ್ವರಗಳ ಉಚ್ಚಾರಣೆಯೇ ನಾಡಿನಾದ್ಯಂತ ಮಾರ್ಪಟ್ಟಾಗ ಹ್ರಸ್ವ ಇದ್ದಲ್ಲಿಯೇ ಉಳಿದು ಎರಡರ ನಡುವೆ ಅಂತರ ಹೆಚ್ಚಿತು. ‘ಕಟ್’, ‘ಪುಟ್’, ‘ಹಿಟ್’ ಎಂಬುವುಗಳಲ್ಲಿ ಧಾತುವಿನ ಟಕಾರವೂ ಪ್ರತ್ಯಯವೂ ಒಂದರಲ್ಲೊಂದು ಲೀನವಾಗಿ ಭೂತಕಾಲಕ್ಕೆ ಗುರುತೇ ಇಲ್ಲದಂತಾಯಿತು.

ಸಬಲ ಧಾತುಗಳು ಸೋತುದರ ಲೆಕ್ಕವನ್ನು ಇತ್ತೀಚೆಗೆ ಕೆಲವರು ಶ್ರದ್ಧೆಯಿಂದ ಹಾಕಿದ್ದಾರೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಎರೆಜ಼್ ಲೀಬರ್‌ಮನ್ ಮತ್ತು ಸಂಗಡಿಗರು ಪ್ರಾಚೀನ ಇಂಗ್ಲಿಷಿನ 177 ಅನಿಯತ ಕ್ರಿಯಾಪದಗಳನ್ನು ಆರಿಸಿಕೊಂಡು ಅವುಗಳ ಮುಂದಿನ ಗತಿಯನ್ನು ಹಿಂಬಾಲಿಸಿ, 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಧ್ಯಕಾಲೀನ ಇಂಗ್ಲಿಷಿನ ವೇಳೆಗೆ ಅನಿಯತವಾಗಿ ಉಳಿದಿದ್ದುವು 145. ಇಂದು ಉಳಿದಿರುವುವು 98. ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದಕ್ಕೆ ಅವರು ಕಂಡ ಕಾರಣ ಬಳಕೆಯ ಪ್ರಮಾಣ. ಒಂದು ಕ್ರಿಯಾಪದ ಮತ್ತೊಂದಕ್ಕಿಂತ ನೂರರಲ್ಲೊಂದು ಪಾಲು ಬಳಕೆಯಾಗುತ್ತಿದ್ದರೆ ಅದು ಹತ್ತರಷ್ಟು ವೇಗದಲ್ಲಿ ನಿಯತವಾಗುತ್ತದೆ. ಕಾರಣವನ್ನು ಊಹಿಸುವುದು ಕಷ್ಟವಲ್ಲ: ನಿಯತ ರೂಪವನ್ನು ನಿಯಮದಿಂದ ಆ ಕ್ಷಣದಲ್ಲಿಯೇ ಸಾಧಿಸಿಕೊಳ್ಳಬಹುದು, ಅನಿಯತ ರೂಪವನ್ನಾದರೋ ಜ್ಞಾಪಕದಿಂದಲೇ ತೆಗೆಯಬೇಕು, ದಿನಕ್ಕೆ ಹತ್ತಾರು ಬಾರಿ ಕಿವಿಗೆ ಬೀಳುವ ರೂಪ ಜ್ಞಾಪಕದಲ್ಲಿ ಬೇರೂರುತ್ತದೆ, ವರ್ಷಕ್ಕೊಮ್ಮೆ ಕೇಳುವುದು ಮರೆತುಹೋಗುತ್ತದೆ. ‘ಹೆಲ್ಪ್’ ಎಂಬುದಕ್ಕೆ ಹಿಂದೆ ‘ಹೋಲ್ಪ್’, ‘ಹೋಲ್ಪನ್’ ಎಂಬ ರೂಪಗಳಿದ್ದುವು. 1611ರ ಬೈಬಲಿನ ಭಾಷಾಂತರದಲ್ಲಿ ‘ಹೋಲ್ಪನ್’ ಎಂಬುದನ್ನು ಇನ್ನೂ ಕಾಣಬಹುದು. ‘ವಾಕ್’, ‘ಲಾಫ್’, ‘ಬೇಕ್’, ‘ಕ್ಲೈಮ್’ ಎಂಬುವೂ ಒಂದು ಕಾಲಕ್ಕೆ ಸಬಲವಾಗಿದ್ದುವು. ಮದುವೆಯಾಗು ಎಂಬ ಅರ್ಥದ ‘ವೆಡ್’ ಇನ್ನು ಮುಂದೆ ಮೊದಲು ನಿಯತವಾಗತಕ್ಕುದೆಂದು ಅವರು ಭವಿಷ್ಯ ನುಡಿದಿದ್ದಾರೆ. ಲೇಖನದ ಆದಿಯಲ್ಲಿ ಹೇಳಿದ ಹತ್ತು ಕ್ರಿಯಾಪದಗಳು ಅನಿಯತವಾಗಿ ಉಳಿದಿರುವುದರ ಮರ್ಮವೂ ಇದೇ.

ಪ್ರವಾಹ ಒಂದೇ ದಿಕ್ಕಿಗೆ ಹರಿಯಿತೆಂದು ಭಾವಿಸಬಾರದು. ನಿಯತವಾಗಿದ್ದುದು ಅನಿಯತವಾದುದೂ ಉಂಟು. ಅದೇ 1611ರ ಬೈಬಲು ‘ಡಿಗ್’ ಎಂಬುದಕ್ಕೆ ‘ಡಿಗ್ಡ್’ ಎಂದು ಬರೆಯುತ್ತದೆ. ಇಂದು ಅದು ‘ಡಗ್’. ‘ವೇರ್’ ಮತ್ತು ‘ರಿಂಗ್’ ಎಂಬುವು ಪ್ರಾಚೀನ ಕಾಲದಲ್ಲಿ ದುರ್ಬಲವಾಗಿದ್ದು, ಸುತ್ತಲಿನ ಸಬಲ ಧಾತುಗಳ ಪ್ರಾಸಕ್ಕೆ ಮನಸೋತು ‘ವೋರ್’, ‘ರ‍್ಯಾಂಗ್’ ಎಂದಾದುವು. ಫ್ರೆಂಚಿನಿಂದ ಬಂದ ‘ಕ್ಯಾಚ್’ ಕೂಡ ‘ಕಾಟ್’ ಎಂಬ ಅನಿಯತ ರೂಪವನ್ನು ತಳೆಯಿತು. ಅಮೆರಿಕದಲ್ಲಿ ‘ಡೈವ್’ ಎಂಬುದಕ್ಕೆ ‘ಡೋವ್’, ‘ಸ್ನೀಕ್’ ಎಂಬುದಕ್ಕೆ ‘ಸ್ನಕ್’ ಎಂಬ ರೂಪಗಳು ಹುಟ್ಟಿದುವು. ಅಳಿದ ನಿಯಮದಲ್ಲಿಯೂ ಒಂದು ಸೆಳೆತ ಉಳಿದಿರುತ್ತದೆಂಬುದಕ್ಕೆ ಇವು ಸಾಕ್ಷಿ.

ಈ ಎರಡು ಶಕ್ತಿಗಳು ಮಗುವಿನ ಮನಸ್ಸಿನಲ್ಲಿ ಹೇಗೆ ಕೆಲಸ ಮಾಡುವುವೆಂಬುದನ್ನು ಜೀನ್ ಬರ್ಕೋ ಎಂಬ ಅಮೆರಿಕದ ವಿದುಷಿ 1958ರಲ್ಲಿ ಪ್ರಕಟಿಸಿದ ಪರೀಕ್ಷೆ ಸುಂದರವಾಗಿ ತೋರಿಸಿತು. ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಆಕೆ ಚಿತ್ರಗಳನ್ನು ತೋರಿಸಿ, ಯಾವ ನಿಘಂಟಿನಲ್ಲಿಯೂ ಇಲ್ಲದ ಕಲ್ಪಿತ ಧಾತುಗಳನ್ನು ಹೇಳಿ, ಚಿತ್ರದಲ್ಲಿರುವವನು ನಿನ್ನೆಯೂ ಅದನ್ನೇ ಮಾಡಿದನೆಂಬುದನ್ನು ಹೇಗೆ ಹೇಳುವಿರೆಂದು ಕೇಳಿದಳು. ಹಿಂದೆಂದೂ ಕೇಳಿರದ ‘ರಿಕ್’ ಎಂಬ ಶಬ್ದಕ್ಕೆ ಮಕ್ಕಳು ‘ರಿಕ್ಟ್’ ಎಂದು ಉತ್ತರ ಕೊಟ್ಟರು. ನಿಯಮ ಅವರ ವಶವಾಗಿತ್ತು. ‘ಗ್ಲಿಂಗ್’ ಎಂಬುದಕ್ಕೆ ಬಹುತೇಕ ಮಕ್ಕಳು ‘ಗ್ಲಿಂಗ್ಡ್’ ಎಂದರೆ, ವಯಸ್ಕರಲ್ಲಿ ಅನೇಕರು ‘ಸಿಂಗ್–ಸ್ಯಾಂಗ್’ ಮಾದರಿಯಲ್ಲಿ ‘ಗ್ಲ್ಯಾಂಗ್’ ಎಂದರು. ಇಂಗ್ಲಿಷ್ ಮನೆಮಾತಾಗಿರುವ ಮಗು ಮೊದಲು ‘ವೆಂಟ್’ ಎಂದು ಸರಿಯಾಗಿ ಹೇಳುತ್ತಿದ್ದು, ನಿಯಮ ಮನಸ್ಸಿಗೆ ಹತ್ತಿದೊಡನೆ ‘ಗೋಡ್’ ಎಂದು ಆಗಾಗ ತಪ್ಪಿ, ಬಳಿಕ ಮತ್ತೆ ‘ವೆಂಟ್’ಗೆ ಮರಳುವುದು ಸರ್ವಸಾಮಾನ್ಯ. ಯಾರೂ ಆಡದ ಮಾತನ್ನು ಮಗು ತಾನೇ ರಚಿಸಿಕೊಂಡಿತೆಂದರೆ ಅದು ಅನುಕರಣವನ್ನು ಮೀರಿ ವ್ಯಾಕರಣಕ್ಕೆ ಕಾಲಿಟ್ಟಿತೆಂದೇ ತಿಳಿಯಬೇಕು.

ಕನ್ನಡಿಗರಿಗೆ ಇದೆಲ್ಲ ಪರಕೀಯವೆನಿಸಬೇಕಾಗಿಲ್ಲ. ‘ಮಾಡು–ಮಾಡಿದ’, ‘ಹೇಳು–ಹೇಳಿದ’ ಎಂದು ಸುಗಮವಾಗಿ ನಡೆಯುವ ನಮ್ಮ ನುಡಿಯಲ್ಲಿಯೂ ‘ಬರು–ಬಂದ’, ‘ಕೊಡು–ಕೊಟ್ಟ’, ‘ಬೀಳು–ಬಿದ್ದ’, ‘ನಗು–ನಕ್ಕ’, ‘ಸಾಯು–ಸತ್ತ’, ‘ಕೀಳು–ಕಿತ್ತ’ ಎಂಬುವು ಉಂಟು, ಮತ್ತು ಅವೂ ನಿತ್ಯವ್ಯವಹಾರದ ಧಾತುಗಳೇ. ಸಂಸ್ಕೃತದಿಂದ ಬಂದು ‘ಇಸು’ ಸೇರಿಸಿಕೊಂಡ ‘ರಕ್ಷಿಸು’, ‘ಚಿಂತಿಸು’ ಮೊದಲಾದುವು ಸಾವಿರವಿದ್ದರೂ ಒಂದಾದರೂ ನಿಯಮ ತಪ್ಪುವುದಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಆಖ್ಯಾತಕ್ಕೂ ಧಾತುಗಳಿಗೂ ಬೇರೆ ಬೇರೆ ಪ್ರಕರಣಗಳನ್ನೇ ಮೀಸಲಿಟ್ಟನು. ‘ಕೀಳು’ ಎಂಬುದು ‘ಕಿತ್ತ’ ಹೇಗಾಯಿತೆಂದು ಚಿಂತಿಸಿದ ಕನ್ನಡಿಗನಿಗೆ ‘ಕೀಪ್’ ಎಂಬುದು ‘ಕೆಪ್ಟ್’ ಆಗುವುದು ವಿಕಾರವಾಗಿ ತೋರಲಾರದು. ಎರಡು ಕಡೆಯೂ ದೀರ್ಘವು ಹ್ರಸ್ವವಾಗಿದೆ.

ಇಂಗ್ಲಿಷ್ ವೈಯಾಕರಣರು ಈ ಸಂಪತ್ತನ್ನು ಯಾವಾಗಲೂ ಪ್ರೀತಿಯಿಂದ ಕಂಡರೆಂದು ಹೇಳಲಾಗದು. 1762ರಲ್ಲಿ ತನ್ನ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಲೌತ್, ಭೂತಕೃದಂತವಿರಬೇಕಾದಲ್ಲಿ ಭೂತಕಾಲದ ರೂಪವನ್ನು ಬಳಸಿದರೆಂದು ಮಹಾಕವಿಗಳನ್ನೇ ಆಕ್ಷೇಪಿಸಿದನು. ‘ಹ್ಯಾವ್ ರೋಟ್’ ಎಂದು ಬರೆಯುವುದು ಆ ಕಾಲದ ಶಿಷ್ಟರಲ್ಲಿ ಸಾಮಾನ್ಯವಾಗಿತ್ತು. ನಮ್ಮ ದೇಶದಲ್ಲಿ ತಲೆಮಾರುಗಳು ಓದಿದ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣ ಸಬಲ ದುರ್ಬಲ ಎಂಬ ಭೇದವನ್ನು ಹೇಳಿತಾದರೂ, ಪರೀಕ್ಷೆಯ ಅವಸರದಲ್ಲಿ ಶಾಲೆಗಳಲ್ಲಿ ಉಳಿದುಕೊಂಡದ್ದು ಅಕಾರಾದಿಯಾಗಿ ಜೋಡಿಸಿದ ಉದ್ದನೆಯ ಪಟ್ಟಿಯೊಂದೇ. ಅಕಾರಾದಿ ಕ್ರಮ ನಿಘಂಟಿಗೆ ಯೋಗ್ಯವಾದುದು. ಇಲ್ಲಿ ಅದು ಒಡಹುಟ್ಟುಗಳನ್ನು ಅಗಲಿಸಿ, ಸಂಬಂಧವಿಲ್ಲದವನ್ನು ನೆರೆಹೊರೆಯಾಗಿಸುತ್ತದೆ. ಇಂಗ್ಲಿಷ್ ಕಲಿಸುವ ನಮ್ಮ ಅಧ್ಯಾಪಕರಲ್ಲಿ ನನ್ನ ಬಿನ್ನಹವಿಷ್ಟೆ: ಆ ಪಟ್ಟಿಯನ್ನು ಒಡೆದು ಕುಲಕುಲವಾಗಿ ಜೋಡಿಸಿರಿ. ರೈಡ್, ರೈಟ್, ಡ್ರೈವ್, ರೈಜ್ ಒಂದು ದಿನ. ಸಿಂಗ್, ಡ್ರಿಂಕ್, ಸ್ವಿಮ್, ಬಿಗಿನ್ ಮತ್ತೊಂದು ದಿನ. ಬ್ಲೋ, ಗ್ರೋ, ನೋ, ಥ್ರೋ ಮುಗಿದ ಮೇಲೆ ಕೀಪ್, ಸ್ಲೀಪ್, ವೀಪ್, ಸ್ವೀಪ್. ಮಕ್ಕಳು ಅವನ್ನು ಬಿಡಿಯಾಗಿ ಒಪ್ಪಿಸುವುದನ್ನು ಬಿಟ್ಟು ವಾಕ್ಯಗಳಲ್ಲಿ ಬಳಸಲಿ, ಗಟ್ಟಿಯಾಗಿ ಆಡಲಿ. ಸಂಸ್ಕೃತವನ್ನು ಓದುತ್ತಿರುವ ಮಗು ತರಗತಿಯಲ್ಲಿದ್ದರೆ ‘ಬಿಭೇದ’ ಎಂಬ ರೂಪವನ್ನು ಕರಿಹಲಗೆಯ ಮೇಲೆ ‘ಬೈಟ್’ ಎಂಬುದರ ಪಕ್ಕದಲ್ಲಿ ಒಮ್ಮೆಯಾದರೂ ಬರೆದು ತೋರಿಸಿರಿ.